ಎಂಟು ಕೇಳಿದರೆ ಅರವತ್ತು

ಅತ್ತಿಗೆಗೆ ನಮಸ್ಕಾರ.

ಕಂಪನಿಯವರು ಓದಲು ಕಳಿಸಿದ ಈ ಕಾಲೇಜಿಗೆ ಬಂದು ವಾರವಾಯಿತು. ಫ್ಯಾಕ್ಟರಿಯಿಂದ ಅಂಗಡಿಗೆ ಸಾಮಾನು ಸಾಗಿಸುವುದನ್ನೇ ಇಲ್ಲಿ ಒಂದು ಶಾಸ್ತ್ರ ಮಾಡಿದ್ದಾರೆ. ಮೊದಲು ವಾಣಿಜ್ಯದ ಪುಸ್ತಕದಲ್ಲಿ ಒಂದೇ ಪಾಠವಾಗಿತ್ತಂತೆ. ಈಗ ಅದಕ್ಕೇ ಬೇರೆ ವಿಭಾಗ, ಬೋರ್ಡಿನ ಬಣ್ಣ ಇನ್ನೂ ಕೈಗೆ ಅಂಟುತ್ತದೆ. ಗಣಿತದ ಮೇಷ್ಟ್ರೂ ವಾಣಿಜ್ಯದ ಮೇಷ್ಟ್ರೂ ಇದು ನಮ್ಮದು ಅಂತ ಕಿತ್ತಾಡುತ್ತಾರೆ. ಇಪ್ಪತ್ತು ವರ್ಷ ಗೋಡೌನು ನೋಡಿಕೊಂಡವನಿಗೆ ಇವರೇನು ಕಲಿಸುತ್ತಾರೆ ಅಂತ ಮೀಸೆ ತಿರುವುತ್ತ ಕೂತಿದ್ದೆ.

ನಿನ್ನೆ ಮಕ್ಕಳ ಹಾಗೆ ನಮ್ಮನ್ನು ಆಟ ಆಡಿಸಿದರು. ಒಬ್ಬ ಅಂಗಡಿಯವನು, ಒಬ್ಬ ಫ್ಯಾಕ್ಟರಿಯವನು, ನಡುವೆ ನಾನು ಗೋಡೌನಿನವನು. ಮಾತಾಡುವ ಹಾಗಿಲ್ಲ, ಬರೀ ಚೀಟಿ. ಅಂಗಡಿಯವನು ಮೊದಲು ನಾಲ್ಕು ಪೆಟ್ಟಿಗೆ ಕೇಳಿದ, ಆಮೇಲೆ ವಾರವಾರವೂ ಎಂಟು, ಅಷ್ಟೇ. ನಾನು ಮಾಲು ಸಾಲದೆ ಹೋದೀತು ಅಂತ ಹೆದರಿ ಫ್ಯಾಕ್ಟರಿಗೆ ಅರವತ್ತು ಬರೆದೆ! ಮೇಷ್ಟ್ರು ಚೀಟಿಗಳನ್ನೆಲ್ಲ ಗೋಡೆಗೆ ಅಂಟಿಸಿದಾಗ ಎಲ್ಲರೂ ನಕ್ಕರು. ನನಗೆ ಮಾತ್ರ ನಮ್ಮ ಗೋಡೌನಿನಲ್ಲಿ ಸೂರು ಮುಟ್ಟಿದ ಸೋಪಿನ ರಾಶಿ ಕಣ್ಣಿಗೆ ಕಟ್ಟಿತು.

ಅವತ್ತು ನಿಮ್ಮ ಅಂಗಡಿಗೆ ನೀವು ಹೆಚ್ಚಿಗೆ ಕೇಳಿದ್ದು ಎರಡೇ ಪೆಟ್ಟಿಗೆ ಸೋಪು. ಮಿಕ್ಕಿದ್ದೆಲ್ಲ ನಾನೇ ತರಿಸಿದ್ದು. ಆದರೂ "ವ್ಯಾಪಾರ ಗೊತ್ತಿಲ್ಲದವರು ಅಂಗಡಿ ಯಾಕೆ ಇಡಬೇಕು" ಅಂತ ಹಮಾಲರ ಮುಂದೆಯೇ ಅಷ್ಟರ ತಪ್ಪನ್ನೂ ನಿಮ್ಮ ತಲೆಗೆ ಕಟ್ಟಿದೆ. ನೀವು ನಿಮ್ಮ ಎರಡು ಪೆಟ್ಟಿಗೆಯ ದುಡ್ಡು ಎಣಿಸಿಟ್ಟು ಹೋದಿರಿ.

ನನ್ನ ಮಂಡಿನೋವು ಕಡಿಮೆಯಾಗಿದೆ ಅಂತ ಅಣ್ಣನಿಗೆ ಹೇಳಿ.

ಇದನ್ನು ಕವರಿನಲ್ಲಿ ಹಾಕಬಹುದಿತ್ತು. ಬೈದದ್ದು ಎಲ್ಲರೆದುರು, ಹಾಗಾಗಿ ಕಾರ್ಡಿನಲ್ಲೇ ಬರೆದೆ. ಆ ಹಮಾಲರು ಸಾಮಾನು ಇಳಿಸಲು ಬಂದಾಗ ಅವರಿಂದಲೇ ಗಟ್ಟಿಯಾಗಿ ಓದಿಸಿ.

ನಿಮ್ಮ ಮೈದುನ