ನಾವು ಅಂದ್ರ ಯಾರ್ಯಾರು?

ವೈನಿ,

ಇದನ್ನು ನಾನಾಗಿ ಬರೆಯುತ್ತಿಲ್ಲ, ಮೊದಲೇ ಹೇಳಿಬಿಡುತ್ತೇನೆ. ನಿನ್ನ ಮಗಳು ಸುನೀತಾ ಬರೆಸುತ್ತಿದ್ದಾಳೆ. ಹೋದ ವಾರ ಹುಬ್ಬಳ್ಳಿಯಿಂದ ಬಂದವಳು ಎರಡುನೂರು ಪುಟದ ನೋಟುಬುಕ್ಕು, ಎರಡು ಪೆನ್ನು ನನ್ನ ಮುಂದಿಟ್ಟು, "ಮಾವಶಿ, ಆಯಿ ಫೋಟೋದ ಮುಂದ ನಿಂತು ಜಗಳಾ ಮಾಡೂದು ಬಿಡ್ರಿ. ಏನ್ ಹೇಳೂದೈತಿ ಬರೀರಿ" ಎಂದಳು. ಗರಗದ ಸಾಲಿಯಲ್ಲಿ ನಾಲ್ಕನೇ ಇಯತ್ತೆಗೆ ಪಾಟಿ ಕೆಳಗಿಟ್ಟು ಚರಕದ ಮುಂದೆ ಕೂತವಳು ನಾನು. ಎರಡುನೂರು ಪುಟ ಯಾರ ತಲೆಗೆ ಕಟ್ಟಲಿ? ಬೆರಳು ಆಗಲೇ ನೋಯುತ್ತಿವೆ. ತಪ್ಪು ಕಂಡರೆ ಕಾಣಲಿ. ನೀನು ತಿದ್ದುತ್ತಿದ್ದುದು ನನ್ನ ಮರಾಠಿಯನ್ನು, ಕನ್ನಡವನ್ನಲ್ಲ.

ಸಪ್ತಾಪುರದ ಆ ಬಾಡಿಗೆ ಮನೆಯಲ್ಲಿ ಇಬ್ಬರೂ ಕೂಡಿ ಖಾನಾವಳಿ ಹಾಕಿದ ಮೊದಲ ದಿನ ನೆನಪಿದೆಯೇ? ಅದೇ ಜೋಳದ ಹಿಟ್ಟು, ಅಂಥದೇ ಹಂಚು. ನನ್ನ ಕೈಯಲ್ಲಿ ಅದು ರೊಟ್ಟಿ, ನಿನ್ನ ಕೈಯಲ್ಲಿ ಭಾಕರಿ. ನಾನು ಬಡಿಯುವ ಸಪ್ಪಳ ಕೇಳಿ ನೀನು, "ಅಕ್ಕಾ, ನಿಮ್ಮ ಭಾಷಾದಾಗ ರೊಟ್ಟೀನೂ ಬಡೀತೀರಿ. ನಮ್ಮಲ್ಲೆ ತಟ್ಟತಾರ, ಕೂಸಿನ ಬೆನ್ನ ತಟ್ಟಿದಂಗ" ಎಂದೆ. "ತಟ್ಟಕೋತ ಕುಂತ್ರ ಹುಡುಗ್ರು ಉಪಾಸ ಕಾಲೇಜಿಗೆ ಹೋಗ್ತಾವ" ಎಂದೆ ನಾನು. ನೀನು ನಕ್ಕುಬಿಟ್ಟೆ. ನಿನ್ನ ಭಾಕರಿ ಉಬ್ಬಿದಷ್ಟು ನನ್ನ ರೊಟ್ಟಿ ಯಾವತ್ತೂ ಉಬ್ಬಲಿಲ್ಲ. ಆಗ ಒಪ್ಪಿರಲಿಲ್ಲ, ಈಗ ಒಪ್ಪಿದ್ದೇನೆ.

ಧೈರ್ಯ ಮಾಡಿ ಒಮ್ಮೆ ನಿನ್ನ ತಮ್ಮನ ಎದುರು, ಚಹಾ ಆಯಿತು ಎನ್ನಲು, "ಚಹಾ ಝಾಲಿ" ಎಂದಿದ್ದೆ. ನೀನು ಸೆರಗು ಬಾಯಿಗಿಟ್ಟುಕೊಂಡು ನಕ್ಕೆ. ಚಹಾ ಗಂಡಸಂತೆ, ಝಾಲಾ ಅನ್ನಬೇಕಂತೆ. ಭಾಕರಿ ಹೆಂಗಸು. ನೀರು ಎರಡೂ ಅಲ್ಲ. "ಕುಡಿಯೂಕಿಂತ ಮೊದಲ ಅದರ ಧೋತ್ರ ಸೀರಿ ನೋಡಬೇಕೇನು?" ಎಂದು ನಾನು ರೇಗಿದೆ. ಆದರೆ ನಿನಗೂ ನನ್ನ ಮಾತು ಚುಚ್ಚಿದ ದಿನ ಇತ್ತಲ್ಲ? ಕಿರಾಣಿ ಅಂಗಡಿಯವನಿಗೆ ನಾನು "ನಮ್ಮ ವೈನಿ ಬಂತು ನೋಡ್ರಿ" ಎಂದಾಗ, ದಾರಿಯುದ್ದಕ್ಕೂ ಮುಖ ಊದಿಸಿಕೊಂಡು ಬಂದು, "ಬಂತು ಅನ್ನಾಕ ನಾ ಏನ್ ಎಮ್ಮಿ ಏನು?" ಎಂದು ಕೇಳಿದೆ. "ಗರಗದಾಗ ಮನ್ಯಾನ ಹೆಣಮಕ್ಕಳಿಗೆ ಹಂಗ ಅಂತೇವಿ. ಹೊರಗಿನಾಕಿ ಆದ್ರ ಬಂದ್ಳು" ಎಂದೆ. ಅಲ್ಲಿಂದ ಮುಂದೆ ನಾನು ಎಂದಾದರೂ ಮರೆತು "ಬಂದಳು" ಅಂದರೆ, "ಯಾಕ ಅಕ್ಕಾ, ನನ್ನ ಮ್ಯಾಲೆ ಸಿಟ್ಟ ಆಗಿಯೇನು?" ಎಂದು ನೀನೇ ಕೇಳುತ್ತಿದ್ದೆ.

ಒಂದೇ ಒಂದು ಶಬ್ದಕ್ಕೆ ಮಾತ್ರ ನೀನು ಕೊನೆಯವರೆಗೂ ಎಡವುತ್ತಿದ್ದೆ. ನಾವು. ಮೊದಲ ಸಲ ಅದು ಬಂದದ್ದು ಮಂಗಳವಾರದ ಸಂತೆಯ ದಿನ. "ನಾವು ಸಂತಿಗೆ ಹೊಂಟೇವಿ" ಎಂದೆ ನಾನು. ನೀನು ಚೀಲ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತೆ. "ನಾವು ಅಂದ್ರ ಯಾರ್ಯಾರು? ನಾ ಅದೀನೇನು ಅದರಾಗ?" ನಿಮ್ಮಲ್ಲಿ ಅದಕ್ಕೆ ಎರಡು ಶಬ್ದ ಇವೆ ಎಂದು ಆವತ್ತೇ ನನಗೆ ತಿಳಿದದ್ದು. ಕೇಳುವವಳನ್ನೂ ಸೇರಿಸಿಕೊಂಡರೆ ಆಪಣ. ಅವಳನ್ನು ಬಿಟ್ಟರೆ ಆಮ್ಹೀ. "ನಿಮ್ಮ ಕನ್ನಡದಾಗ ಬಾಗಲಾ ತಗದೈತೋ ಹಾಕೈತೋ ತಿಳಿಯೂದಿಲ್ಲ ನೋಡಕ್ಕಾ" ಎಂದೆ ನೀನು. "ದೂಡಿ ನೋಡು, ತಿಳೀತೈತಿ" ಎಂದೆ ನಾನು. ಆವತ್ತು ಇಬ್ಬರೂ ನಕ್ಕುಕೊಂಡೇ ಸಂತೆಗೆ ಹೋದೆವು.

ಮನೆಯ ಮಾಲೀಕರು ಬಂದ ಆ ಮುಂಜಾನೆ ಎಷ್ಟು ಸಲ ನೆನೆದರೂ ಹಾಗೆಯೇ ಇದೆ. ಅವರಿಗೆ ಮನೆ ಕೆಡವಿ ಅಪಾರ್ಟ್‌ಮೆಂಟ್ ಕಟ್ಟಿಸುವುದಿತ್ತು. ನನ್ನ ಕೈತುಂಬ ಹಿಟ್ಟು, ತಲೆತುಂಬ ಸಿಟ್ಟು. "ಮುಂದಿನ ತಿಂಗಳಾ ನಾವು ಬಿಡ್ತೇವಿ ರೀ. ಕೆಲಗೇರಿ ರೋಡಿಗೆ ಜಾಗಾ ನೋಡೇವಿ. ನಾವು ಖಾನಾವಳಿ ಅಲ್ಲೇ ಹಾಕ್ತೇವಿ" ಎಂದು ಒಂದೇ ಉಸಿರಿಗೆ ಹೇಳಿದೆ. ಜಾಗ ನೋಡಿದ್ದು ನಾನು ಮತ್ತು ನನ್ನ ಸೊಸೆ, ಹಿಂದಿನ ಸಂಜೆ. ನಿನಗೆ ಇನ್ನೂ ಹೇಳಿರಲಿಲ್ಲ. ಬಿಡುವವರು ನಾವೆಲ್ಲರೂ, ಹಾಕುವವರೂ ನಾವೆಲ್ಲರೂ. ಆದರೆ ನೋಡಿದವರಲ್ಲಿ ನೀನು ಇರಲಿಲ್ಲ. ನೀನು ಕೇಳಿಸಿಕೊಂಡದ್ದು ಅದೊಂದನ್ನೇ. ಮಾಲೀಕರು ಗೇಟು ದಾಟಿದ ಮೇಲೆ ಹತ್ತಿರ ಬಂದು ಸಣ್ಣ ದನಿಯಲ್ಲಿ ಕೇಳಿದೆ: "ನಾವು ಅಂದ್ರ ಯಾರ್ಯಾರು, ಅಕ್ಕಾ?"

ನಾನು ಏನು ಹೇಳಿದೆ ಎಂದು ನಿನಗೆ ಗೊತ್ತು. "ನಾವು ಅಂದ್ರ ನಾವು. ಮೂವತ್ತು ವರ್ಷ ಆತು, ಇನ್ನೂ ಬಿಡಿಸಿ ಹೇಳಬೇಕೇನು ನಿನಗ?"

ದೂಡಿ ನೋಡು ಎಂದವಳು ನಾನೇ. ನೀನು ದೂಡಿದೆ. ನಾನು ಒಳಗಿನಿಂದ...

ನೀನು ಹಂಚು ತೊಳೆದು ಗೋಡೆಗೆ ಒರಗಿಸಿದೆ. ತಿಂಗಳ ಕೊನೆಗೆ ನಿನ್ನ ಎರಡು ಸೀರೆ, ಭಾಕರಿ ತಟ್ಟುವ ಪರಾತ ಚೀಲಕ್ಕೆ ಹಾಕಿಕೊಂಡು ಸುನೀತಾಳ ಮನೆಗೆ ಹೊರಟೆ. ಹೊಸ್ತಿಲಲ್ಲಿ ನಿಂತು, "ಯೇತೆ" ಎಂದೆ. ಹೋಗುವಾಗ ಹೋಗ್ತೇನಿ ಅನ್ನಬಾರದು, ಬರ್ತೇನಿ ಅನ್ನಬೇಕು. ಇದೊಂದರಲ್ಲಿ ನಿಮ್ಮ ಭಾಷೆಗೂ ನಮ್ಮ ಭಾಷೆಗೂ ಜಗಳವಿಲ್ಲ. ಬರ್ತೇನಿ ಅಂದವಳು ಬರಬೇಕಲ್ಲ? ನಾನು ಹಾಗೆಂದೇ ಕೂತೆ. ನಾಲ್ಕು ತಿಂಗಳು. ಹುಬ್ಬಳ್ಳಿಗೆ ಮುಕ್ಕಾಲು ತಾಸಿನ ದಾರಿ. ಸೊಸೆ, "ಅತ್ತಿ, ಒಂದ್ ಫೋನರ ಮಾಡ್ರಿ" ಎಂದಾಗಲೆಲ್ಲ, "ಬರ್ತೇನಿ ಅಂತ ಹೇಳಿ ಹೋಗೇತಿ, ಬರತೈತಿ ಬಿಡು" ಎಂದೆ. ಕೊನೆಗೆ ಫೋನು ಬಂದದ್ದು ಸುನೀತಾಳದು. ಎದೆ ಹಿಡಿದುಕೊಂಡಿತು ಎಂದು ದವಾಖಾನೆಗೆ ಒಯ್ದರಂತೆ. ನಾನು ಬಸ್ಸು ಇಳಿಯುವಷ್ಟರಲ್ಲಿ ಅಂಗಳದಲ್ಲಿ ಜನ ಕೂಡಿದ್ದರು.

ಹದಿಮೂರನೇ ದಿನ ಸುನೀತಾ ನನ್ನನ್ನು ಒಳಗೆ ಕರೆದು ಕೇಳಿದಳು. ದನಿಯಲ್ಲಿ ಸಿಟ್ಟು ಇರಲಿಲ್ಲ, ಅದೇ ತಾಳಲಾಗಲಿಲ್ಲ. "ಮಾವಶಿ, ಆಯಿ ಬಾಳ ಸರ್ತಿ ಅಂತಿದ್ಲು, ಅಕ್ಕ ಆಮ್ಹೀ ಅಂದ್ಲು, ಆಪಣ ಅನ್ನಲಿಲ್ಲ ಅಂತ. ಖರೇ ಏನ್ರಿ?"

"ನಾ ಎರಡೂ ಅಂದಿಲ್ಲವಾ. ನಾ ಬರೇ ನಾವು ಅಂದೆ."

"ಅದೇ ಮಾವಶಿ," ಎಂದಳು.

ಆಮೇಲೆ ಎಷ್ಟೋ ದಿನ ನಾನು ನನ್ನ ಭಾಷೆಯನ್ನೇ ಬೈದೆ. ಇಂಥಾ ದೊಡ್ಡ ಭಾಷೆ, ಒಂದು ಆಪಣ ಇಟ್ಟುಕೊಳ್ಳಲು ಇದಕ್ಕೇನು ಧಾಡಿ? ಆದರೆ ಹೋದ ತಿಂಗಳು ಊಟಕ್ಕೆ ಕೂತ ಮೂವರು ಕಾಲೇಜು ಹುಡುಗಿಯರು ನನ್ನ ಬಾಯಿ ಮುಚ್ಚಿಸಿದರು. ಒಬ್ಬಳು ಪಕ್ಕದವಳ ಹೆಗಲ ಮೇಲೆ ಕೈ ಹಾಕಿ, "ನಾವು ಕೆಲಗೇರಿ ಕೆರಿ ಕಡೆ ಹೊಂಟೇವಿ" ಎಂದಳು. ಎದುರು ಕೂತವಳು ತಾಟಿನಿಂದ ಮುಖ ಎತ್ತದೆ "ಹೋಗ್ರಿ" ಎಂದಳು. ಅದೇ ಮುಖ, ವೈನಿ. ಹಂಚು ತೊಳೆಯುವಾಗ ನಿನ್ನದಿತ್ತಲ್ಲ, ಅದೇ. ಆಗ ಮೊದಲಿನವಳು, "ಏ ಹುಚ್ಚಿ, ನಿನ್ನ ಬಿಟ್ಟು ಹೆಂಗ? ಏಳು, ಹೋಗೋಣು" ಎಂದಳು. ಅಷ್ಟೇ. ಅವಳು ಕೈ ತೊಳೆದು ಎದ್ದಳು.

ಹಂಚಿನ ಮೇಲಿನ ರೊಟ್ಟಿ ಕರಕಾಯಿತು. ಹೋಗೋಣು. ಕೇಳುವವಳನ್ನು ಹೊರಗಿಟ್ಟು ಅದನ್ನು ಹೇಳಿ ನೋಡು, ಬಾಯಿಂದ ಹೊರಡುವುದಿಲ್ಲ. ನಮ್ಮ ಭಾಷೆಯಲ್ಲಿ ಆಪಣ ಅಲ್ಲಿ ಅಡಗಿ ಕೂತಿತ್ತು, ಶಬ್ದದ ಬಾಲದಲ್ಲಿ. "ಕೆಲಗೇರಿ ರೋಡಿಗೆ ಹೋಗೋಣು ವೈನಿ" ಎಂದಿದ್ದರೆ ಸಾಕಿತ್ತು. ಅದನ್ನು ಹೇಳಲು ಎಷ್ಟನೇ ಇಯತ್ತೆ ಕಲಿತಿರಬೇಕು? ಭಾಷೆಯ ತಪ್ಪಲ್ಲ. ನನ್ನ ಬಾಯಿಯ ತಪ್ಪು. ಇದೇ ಮೊದಲ ಸಲ ಬರೆದು ಒಪ್ಪಿಕೊಳ್ಳುತ್ತಿದ್ದೇನೆ, ಮತ್ತೆ ಮತ್ತೆ ಹೇಳಿಸಬೇಡ.

ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಹೊಸ ಜಾಗಕ್ಕೆ ಬರುವ ಮೊದಲು ಗೌಂಡಿಯನ್ನು ಕರೆಸಿ ಎರಡು ಒಲೆ ಹಾಕಿಸಿದ್ದೆ. ಒಂದು ನೆಲದ ಮೇಲೆ, ನನಗೆ. ಇನ್ನೊಂದು ಕಟ್ಟೆಯ ಮೇಲೆ. ನಿನ್ನ ಮೊಣಕಾಲು ಮಡಚುವುದಿಲ್ಲ, ನಿಂತೇ ತಟ್ಟಲಿ ಎಂದು. ಗೌಂಡಿ ನನ್ನ ಎತ್ತರ ನೋಡಿ, "ಅಮ್ಮಾರ, ಇದು ನಿಮಗ ನಿಲುಕೂದಿಲ್ರಿ" ಎಂದ. "ನಿಲುಕೂ ಹೆಣಮಗಳು ಬರತೈತಿ, ನೀ ಕಟ್ಟು" ಎಂದೆ. ಕಟ್ಟೆ ನನ್ನ ಎದೆಯ ಮಟ್ಟಕ್ಕೆ ಬರುತ್ತದೆ. ಸೊಸೆ ಅದರ ಮೇಲೆ ಉಳ್ಳಾಗಡ್ಡಿ ಬುಟ್ಟಿ ಇಡಲು ಬಂದಳು, ಇಡಗೊಡಲಿಲ್ಲ. ದಿನಾ ಮುಂಜಾನೆ ಒರೆಸುತ್ತೇನೆ, ತುದಿಗಾಲ ಮೇಲೆ ನಿಂತು. ನಾವು ಅಂದ್ರ ಯಾರ್ಯಾರು ಎಂದು ಕೇಳಿದೆಯಲ್ಲ, ಆ ಕಟ್ಟೆಯನ್ನು ಬಂದು ನೋಡಿದ್ದರೆ...

ದಸರೆ ಹತ್ತಿರ ಬಂದಿದೆ. ಮೊದಲ ವರ್ಷದ ದಸರೆಗೆ ನೀನು ನನ್ನ ಕೈಗೆ ಬನ್ನಿ ಎಲೆ ಕೊಟ್ಟು, "ಸೋನ ಘ್ಯಾ, ಸೋನ್ಯಾಸಾರಖ ರಾಹಾ" ಎಂದಿದ್ದೆ. ಬಂಗಾರ ತಗೋ, ಬಂಗಾರದಂತೆ ಇರು. "ನಾ ಒಬ್ಬಾಕಿನ ಬಂಗಾರಧಂಗ ಇರಲೇನು? ನೀ ಎಲ್ಲಿ ಹೋಗಾಕಿ?" ಎಂದು ನಾನು ಗದರಿದೆ. ಮರುವರ್ಷದಿಂದ ನೀನು ಕನ್ನಡದಲ್ಲೇ ಹೇಳತೊಡಗಿದೆ, "ಬನ್ನಿ ತಗೊಂಡು ಬಂಗಾರಧಂಗ ಇರೋಣು." ಇರೋಣು. ನಮ್ಮಿಬ್ಬರ ನಡುವೆ ವರ್ಷಕ್ಕೊಮ್ಮೆ ಆ ಶಬ್ದ ಕೈಯಿಂದ ಕೈಗೆ ಹೋಗಿದೆ. ನೀನು ಅದನ್ನು ಮರೆತೆ, ನಾನೂ ಮರೆತೆ.

ಈ ಸಲ ಎರಡು ಎಲೆ ತರಿಸುತ್ತೇನೆ. ನಿನ್ನದನ್ನು ಕಟ್ಟೆಯ ಮೇಲೆ ಇಡುತ್ತೇನೆ. ಆಪಣವೋ ಆಮ್ಹೀಯೋ, ಒಂದೇ ಶಬ್ದ ಸಾಕು, ಯಾವ ಭಾಷೆಯಲ್ಲಿ ಹೇಳಿದರೂ ನಡೆಯುತ್ತದೆ. ಬನ್ನಿ ಹಬ್ಬದ ಸಂಜೆಯೊಳಗೆ ನನಗೆ ಉತ್ತರ ಬೇಕು.

ಗಂಗವ್ವ