ಯಾರೂ ಕೇಳದ ಗಮ್ ಪ್ಯಾಡ್

ಅಂಗಡಿಯ ಹಿಂದಿನ ಕೋಣೆ,
ಮಾರ್ಚ್ ೧೧, ಮಂಗಳವಾರ ಮಧ್ಯಾಹ್ನ

ಪ್ರೀತಿಯ ಅಪ್ಪಾ,

ನಮಸ್ಕಾರ. ಮಂಡಿ ಹೇಗಿದೆ? ಹೊಲಿಗೆ ಬಿಚ್ಚಿದ ಮಾರನೇ ದಿನವೇ ಮೆಟ್ಟಿಲು ಹತ್ತಿದಿರಂತೆ. ಅಕ್ಕ ಫೋನಿನಲ್ಲಿ ಚಾಡಿ ಹೇಳಿದಳು. ಅವಳ ಮನೆಯ ಬಾಗಿಲುಗಳ ಸ್ಕ್ರೂಗಳನ್ನೆಲ್ಲ ಬಿಗಿ ಮಾಡಿ ಮುಗಿಸಿ ಈಗ ಪಕ್ಕದ ಮನೆಯ ಬಾಗಿಲ ಮೇಲೆ ಕಣ್ಣು ಹಾಕಿದ್ದೀರೆಂದೂ ಗೊತ್ತಾಯಿತು. ದಯವಿಟ್ಟು ಇನ್ನು ಮೂರು ವಾರ ಸುಮ್ಮನೆ ಕೂತಿರಿ. ಅಮ್ಮ ಜೊತೆಗಿದ್ದಾಳೆ ಅನ್ನುವುದೊಂದೇ ನನಗೆ ಧೈರ್ಯ. ಅಂಗಡಿಯನ್ನು ಚಿಕ್ಕಪ್ಪ ಚೆನ್ನಾಗಿಯೇ ನೋಡಿಕೊಳ್ಳುತ್ತಿದ್ದಾರೆ. ಮೊಳೆ ತೂಗುವಾಗ ಮಾತ್ರ ನಿಮ್ಮ ಹಾಗೆ ಎರಡು ಹೆಚ್ಚಿಗೆ ಹಾಕುವುದಿಲ್ಲ.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀವು ನಡುವೆ ಬಾಯಿ ಹಾಕುತ್ತೀರಿ. ಅದಕ್ಕೇ ಕಾಗದ. ಅಪ್ಪಾ, ನಮ್ಮ ಸಮೀಕ್ಷೆ ಮುಗಿಯಿತು! ಮೂರು ದಿನದಿಂದ ನನ್ನ ಕಾಲು ನೆಲದ ಮೇಲೆ ನಿಲ್ಲುತ್ತಿಲ್ಲ. ಏಪ್ರಿಲ್ ಮೊದಲ ಶುಕ್ರವಾರ ನಿಮ್ಮ ವ್ಯಾಪಾರಿಗಳ ಸಂಘದ ಸಭೆಯಲ್ಲಿ ನನಗೆ ಮಾತಾಡಲು ಅವಕಾಶ ಸಿಕ್ಕಿದೆ. ಅಲ್ಲಿ ಒಪ್ಪಿದರೆ ಮೂವತ್ತೆರಡು ಅಂಗಡಿಗಳಿಂದ ಇಲಿ ಹಿಡಿಯುವ ಗಮ್ ಪ್ಯಾಡ್ ಹೊರಗೆ ಹೋಗುತ್ತದೆ. ನಾನು ಪ್ರಾಣಿದಯಾ ಸಂಘದ ಕೆಲಸಕ್ಕೆ ಸೇರಿದ ದಿನ ಊಟಕ್ಕೆ ಕೂತಾಗ ಇದರ ಮೇಲೆಯೇ ಭಾಷಣ ಬಿಗಿದಿದ್ದೆ. ನೀವು ತಟ್ಟೆಯಿಂದ ತಲೆ ಎತ್ತದೆ, "ಗಿರಾಕಿ ಕೇಳ್ತಾನೆ, ನಾವು ಕೊಡ್ತೀವಿ. ಬುದ್ಧಿ ಹೇಳೋದಿದ್ರೆ ಮನೆಮನೆಗೆ ಹೋಗಿ ಹೇಳು" ಅಂದಿರಿ. ಸರಿ, ಹೋದೆ. ಬುದ್ಧಿ ಹೇಳುವುದಕ್ಕಲ್ಲ, ಪ್ರಶ್ನೆ ಕೇಳುವುದಕ್ಕೆ.

ನಮ್ಮ ಸಂಘದವರು ಎರಡು ವರ್ಷದಿಂದ ಅಂಟಿಗೆ ಸಿಕ್ಕ ಇಲಿಯ ಚಿತ್ರ ಹಾಕಿ, ನಿಮಗೆ ಕರುಣೆ ಇಲ್ಲವೇ ಎಂದು ಗೋಡೆಗೋಡೆಗೂ ಪೋಸ್ಟರ್ ಹಚ್ಚಿದ್ದರು. ಜನ ಮುಖ ತಿರುಗಿಸಿಕೊಂಡು ಹೋಗುತ್ತಿದ್ದರು, ಪ್ಯಾಡ್ ಮಾತ್ರ ಮಾರಾಟವಾಗುತ್ತಲೇ ಇತ್ತು. ಹೊಸದಾಗಿ ಬಂದ ಮೇಡಂ, ಹಿಂದೆ ಕಾಲೇಜಿನಲ್ಲಿ ಸಮಾಜಶಾಸ್ತ್ರ ಕಲಿಸಿದವರು, ಪೋಸ್ಟರ್ ನಿಲ್ಲಿಸಿ ನಮ್ಮ ಕೈಗೆ ಒಂದೇ ಪ್ರಶ್ನೆ ಕೊಟ್ಟರು: ಅಂಗಡಿಗೆ ಹೋಗಿ ಏನೆಂದು ಕೇಳಿದಿರಿ? ಯಾಕೆ ತಂದಿರಿ ಅಂದರೆ ಜನ ಜಗಳಕ್ಕೆ ನಿಲ್ಲುತ್ತಾರಂತೆ, ಏನು ಕೇಳಿದಿರಿ ಅಂದರೆ ನೆನಪು ಮಾಡಿಕೊಳ್ಳುತ್ತಾರಂತೆ. ಪ್ಯಾಡ್ ತಂದಿದ್ದ ನೂರ ನಲವತ್ತು ಮನೆಗಳಿಗೆ ಹೋದೆವು. ಅದನ್ನೇ ಹೆಸರು ಹೇಳಿ ಕೇಳಿದವರು ಎಷ್ಟು ಜನ ಗೊತ್ತೇ? ಹತ್ತೊಂಬತ್ತು! ಉಳಿದವರೆಲ್ಲ ಕೇಳಿದ್ದು "ಇಲಿಗೆ ಏನಾದ್ರೂ ಕೊಡಿ" ಎಂದಷ್ಟೇ. ಬೇಕರಿಯ ಹೆಂಗಸೊಬ್ಬರು ಹಿಟ್ಟಿನ ಡಬ್ಬದ ಹಿಂದೆ ಪ್ಯಾಡ್ ಇಟ್ಟಿದ್ದರಂತೆ. ಸಿಕ್ಕಿಬಿದ್ದ ಇಲಿ ಬೆಳಗಿನಿಂದ ಸಂಜೆಯವರೆಗೆ ಕಿರುಚುತ್ತಲೇ ಇತ್ತಂತೆ. ಇವರು ರೇಡಿಯೋ ಜೋರು ಮಾಡಿಕೊಂಡು ಹಿಟ್ಟು ನಾದಿದರಂತೆ. "ಹೀಗಾಗತ್ತೆ ಅಂತ ಗೊತ್ತಿದ್ರೆ ತರ್ತಿದ್ನಾ? ಅಂಗಡಿಯವ್ರು ಕೊಟ್ರು, ತಂದೆ" ಎಂದು ಕಣ್ಣೊರೆಸಿಕೊಂಡರು. ನಾನೂ ಪೆನ್ನು ಕೆಳಗಿಟ್ಟು ಅತ್ತುಬಿಟ್ಟೆ. "ಅಳೋದು ಆಮೇಲೆ, ಮೊದ್ಲು ಬರ್ಕೋ" ಎಂದು ಮೇಡಂ ಗದರಿದರು. ಕರುಣೆ ಎಲ್ಲರಿಗೂ ಇದೆ ಅಪ್ಪಾ, ಕೈಗೆ ಕೊಟ್ಟದ್ದನ್ನು ಮನೆಗೆ ತಂದಿದ್ದಾರೆ ಅಷ್ಟೇ.

ಆಮೇಲೆ ಅಂಗಡಿಗಳ ಸರದಿ. ನಾಲ್ಕು ಅಂಗಡಿಗಳಲ್ಲಿ ಮಾಲೀಕರ ಒಪ್ಪಿಗೆ ಪಡೆದು, ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು ಕೂತೆವು. ಪೇಂಟ್ ಅಂಗಡಿಯವರು ನನ್ನ ನೋಟ್‌ಬುಕ್ ಕಂಡಕೂಡಲೇ, "ನಮ್ಮಲ್ಲಿ ಹಳೇ ಮಾಲು ಇಲ್ಲಮ್ಮ" ಅಂದರು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ! ಮೊದಲ ವಾರ ಬರೀ ನೋಡಿದೆವು, ನಾಲ್ಕೂ ಕಡೆ ಸೇರಿ ತೊಂಬತ್ತು ಪ್ಯಾಡ್ ಮಾರಾಟವಾದವು. ಎರಡನೇ ವಾರ ಮಾಲೀಕರಿಗೆ ಒಂದು ಮಾತು ಹೇಳಿಕೊಟ್ಟೆವು: ಇಲಿ ಎಂದು ಬಂದವರನ್ನು "ಎಲ್ಲಿಂದ ಬರ್ತಿದೆ?" ಎಂದು ಕೇಳಿ. ಬಾಗಿಲ ಸಂದು, ಪೈಪಿನ ತೂತು ಎಂದು ಗಿರಾಕಿಯೇ ಹೇಳುತ್ತಾನೆ. ಒಂದು ತುಂಡು ತಂತಿ ಜಾಲರಿ, ಒಂದು ಹಿಡಿ ಸಿಮೆಂಟು, ಮುಗಿಯಿತು. ಆ ವಾರ ನಾಲ್ಕೂ ಅಂಗಡಿ ಸೇರಿ ಹೋದ ಪ್ಯಾಡ್ ಆರು! ಪೇಂಟ್ ಅಂಗಡಿಯವರ ಜಾಲರಿಯ ಸುರುಳಿಯೇ ಖಾಲಿ! "ಬೆಟ್ಟ ಅಗೆದು ಇಲಿ ಹಿಡಿದ್ಲು ನಮ್ಮ ಹುಡುಗಿ" ಎಂದು ಚಿಕ್ಕಪ್ಪ ಬಂದವರಿಗೆಲ್ಲ ಹೇಳಿ ನಗುತ್ತಾರೆ. ಹಿಡಿಯಲಿಲ್ಲ ಚಿಕ್ಕಪ್ಪ, ಬಿಡಿಸಿದೆ ಎಂದೆ.

ಮಾತ್ರೆ ತಪ್ಪಿಸಬೇಡಿ. ಅಮ್ಮನಿಗೆ, ಅಕ್ಕ ಭಾವನಿಗೆ ನನ್ನ ನೆನಪು ಹೇಳಿ. ಮಗುವಿಗೊಂದು ಮುತ್ತು, ನಿಮ್ಮ ಮೀಸೆ ಚುಚ್ಚದ ಹಾಗೆ.

ನಿಮ್ಮ
ಬಾಯಿಬಡುಕಿ

ತಾ.ಕ.: ಒಂದು ಮರೆತೆ. ಇಲ್ಲ, ಸುಳ್ಳು, ಮರೆತಿರಲಿಲ್ಲ. ವರದಿಯಲ್ಲಿ ಐದು ಅಂಗಡಿಗಳಿವೆ. ಹೆಸರಿಲ್ಲ, ನಂಬರ್ ಮಾತ್ರ. ಐದನೆಯದು ನಮ್ಮದು. ನೀವು ಆಸ್ಪತ್ರೆಗೆ ಸೇರುವ ಹಿಂದಿನ ವಾರ ಈ ಕೋಣೆಯಲ್ಲಿ ನಾನು ಓದುತ್ತಿರಲಿಲ್ಲ, ನಿಮ್ಮನ್ನೇ ಬರೆದುಕೊಳ್ಳುತ್ತಿದ್ದೆ. ಇಲಿಗೆಂದು ಬಂದವರು ನಲವತ್ತನಾಲ್ಕು, ಪ್ಯಾಡ್ ಎಂದು ಕೇಳಿದವರು ಇಬ್ಬರು, ನೀವು ಪ್ಯಾಡ್ ಕೊಟ್ಟು ಕಳಿಸಿದ್ದು ನಲವತ್ತೊಂದು ಜನಕ್ಕೆ. ಐದೂ ಅಂಗಡಿಗಳಲ್ಲಿ ನಮ್ಮದೇ ಹೆಚ್ಚು. ಯಾಕೆಂದರೆ ನೀವು ಕೊಟ್ಟದ್ದನ್ನು ಯಾರೂ ತಿರುಗಿಸಿ ಕೂಡ ನೋಡುವುದಿಲ್ಲ, ಅಷ್ಟು ನಂಬುತ್ತಾರೆ. ಕೇಳದೆ ಬರೆದುಕೊಂಡದ್ದು ತಪ್ಪು, ಕ್ಷಮಿಸಿ. ಒಪ್ಪಿಗೆ ಇಲ್ಲದಿದ್ದರೆ ಆ ಸಾಲು ಹೊಡೆದುಹಾಕು ಎಂದು ಮೇಡಂ ಹೇಳಿದ್ದಾರೆ. ನೀವು ಬೇಡ ಅಂದರೆ ಹೊಡೆದುಹಾಕುತ್ತೇನೆ. ಆದರೆ ಆ ಶುಕ್ರವಾರ ಅಧ್ಯಕ್ಷರ ಕುರ್ಚಿಯಿಂದ ನೀವೇ ಎದ್ದು, "ಐದನೇ ಅಂಗಡಿ ನಂದು" ಎಂದುಬಿಟ್ಟರೆ ಉಳಿದ ಮೂವತ್ತೊಂದು ಜನ ಮಾತಿಲ್ಲದೆ ಕೈ ಎತ್ತುತ್ತಾರೆ. ಬೈಯುವುದಿದ್ದರೆ ಬೈದೇ ಬರೆಯಿರಿ ಅಪ್ಪಾ, ಆದರೆ ಬರೆಯಿರಿ.