ಅಪ್ಪನ ಸನ್ಮಾನಕ್ಕೆ ನಾನೂ ಹೋಗಿದ್ದೆ

ತೀರ್ಥಹಳ್ಳಿ
೧೬-೧-೨೦೨೫

ಚಿ. ಸೌ. ಮೇಘನಾಳಿಗೆ ಅಮ್ಮನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ಕಾಗದ ತಡವಾಯಿತೆಂದು ಮುನಿಸಿಕೊಳ್ಳಬೇಡ. ಫೋನಿನಲ್ಲೇ ಹೇಳೋಣವೆಂದರೆ ನಿನ್ನಪ್ಪ ಪೇಪರ್ ಹಿಡಿದು ಪಕ್ಕದಲ್ಲೇ ಕೂತಿರುತ್ತಾರೆ. ಹೇಳದಿದ್ದರೆ ನನ್ನ ಹೊಟ್ಟೆ ಒಡೆದುಹೋಗುತ್ತದೆ ಕಣೇ!

ಮೊನ್ನೆ ಸಾಗರದಲ್ಲಿ ಹಳೇ ವಿದ್ಯಾರ್ಥಿಗಳೆಲ್ಲ ಸೇರಿ ಅಪ್ಪನಿಗೆ ಸನ್ಮಾನ ಮಾಡಿದರು. ಕಾಲೇಜಿನಲ್ಲಿ ಮೂವತ್ತು ವರ್ಷ ‘ಸರ್ಕಾರ ಕೈಹಾಕದಿದ್ದರೆ ಮಾರುಕಟ್ಟೆ ತಾನಾಗೇ ನೆಟ್ಟಗೆ ನಡೆಯುತ್ತದೆ’ ಎಂದು ಅರ್ಥಶಾಸ್ತ್ರ ಹೇಳಿದವರಲ್ಲವೇ? ನಮ್ಮೂರ ಖಾಸಗಿ ಬಸ್ಸುಗಳ ಪೈಪೋಟಿಯೇ ಅವರ ಮೊದಲ ಪಾಠ. ಆ ಪಾಠ ಕೇಳಿದ ಸುರೇಂದ್ರ ಈಗ ಬಸ್ಸುಗಳ ಮಾಲೀಕ. ಅವನೇ ಕಾರು ತಂದು ಕರೆದೊಯ್ದ. ‘ನೀನು ಬಂದು ಎಂತ ಮಾಡ್ತೀಯ? ಬರೀ ಭಾಷಣ’ ಎಂದು ಅಪ್ಪ ಹೊರಟೇಬಿಟ್ಟರು.

ನಾನು ಬಿಡುತ್ತೇನಾ? ಆಧಾರ್ ಕಾರ್ಡ್ ಹಿಡಿದು ಸರ್ಕಾರಿ ಬಸ್ಸು ಹತ್ತಿದೆ. ಕಿಟಕಿ ಪಕ್ಕದ ಸೀಟು! ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಅಪ್ಪನ ಭಾಷಣವೆಂದರೆ ಭಾಷಣ ಬಿಡು, ಒಬ್ಬರೂ ಪಿಟಕ್ಕೆನ್ನಲಿಲ್ಲ. ‘ಹೆಂಗಸರಿಗೆ ಬಸ್ಸು ಪುಕ್ಕಟೆ ಮಾಡಿದ್ದು ದೊಡ್ಡ ತಪ್ಪು’ ಎಂದು ಮೇಜು ಕುಟ್ಟಿದರು. ಕೊನೆಗೆ ‘ಪ್ರಶ್ನೆ ಇದ್ರೆ ಕೇಳಿ’ ಅಂದರು. ಅದೆಲ್ಲಿತ್ತೋ ಧೈರ್ಯ, ಎದ್ದು ನಿಂತೆ.

‘ಮೇಷ್ಟ್ರೇ, ನಾನು ಆ ಪುಕ್ಕಟೆ ಬಸ್ಸಲ್ಲೇ ನಿಮ್ಮ ಭಾಷಣ ಕೇಳಕ್ಕೆ ಬಂದೆ. ಬರದೆ ಇದ್ದಿದ್ರೆ ಒಳ್ಳೇದಿತ್ತಾ?’

ಸಭೆಯೆಲ್ಲ ಗೊಳ್ಳೆಂದಿತು! ಅಪ್ಪನ ಕಿವಿ ಕೆಂಪಾದವು. ಆಮೇಲೆ ತಾವೂ ನಕ್ಕು, ‘ಇದಕ್ಕೆ ಉತ್ತರ ಮನೇಲಿ ಹೇಳ್ತೀನಿ’ ಅಂದರು. ಚಪ್ಪಾಳೆಯೋ ಚಪ್ಪಾಳೆ.

ವಾಪಸ್ಸು ಬರುವಾಗ ಸುರೇಂದ್ರನ ಕಾರು ಬೇಡವೆಂದು, ಹಾರ ಶಾಲು ಸಮೇತ ನನ್ನ ಜೊತೆ ಬಸ್ಸು ಹತ್ತಿದರು ನೋಡು! ಅವರಿಗೆ ದುಡ್ಡಿನ ಟಿಕೆಟ್, ನನಗೆ ಸೊನ್ನೆಯದು. ಇಷ್ಟು ವರ್ಷದ ಸಂಸಾರದಲ್ಲಿ ನಾವಿಬ್ಬರೂ ಹೀಗೆ ಕೂತು ಹರಟಿದ್ದೇ ಇಲ್ಲ. ಎಷ್ಟು ಖುಷಿಯಾಯಿತು ಗೊತ್ತಾ?

ಅಳಿಯಂದಿರಿಗೂ ಮಕ್ಕಳಿಗೂ ನನ್ನ ಆಶೀರ್ವಾದ ತಿಳಿಸು. ತಣ್ಣಗಿರು ಮಗಳೇ.

ನಿನ್ನ ಅಮ್ಮ,
ಯಮುನಾ

ತಾ. ಕ.: ಬಸ್ಸು ಹೊಸನಗರಕ್ಕೆ ಬಂದಾಗ ಅಜ್ಜಿ ಮನೆಯ ದಾರಿ ನೋಡಿ ಅಪ್ಪ ಕೇಳಿದರು: ‘ಈಗ ಇಷ್ಟು ಓಡಾಡ್ತೀಯಲ್ಲ, ನಿಮ್ಮವ್ವನ್ನ ನೋಡಕ್ಕೆ ಆ ಕೊನೇ ವಾರ ಯಾಕೆ ಬರ್ಲಿಲ್ಲ?’ ‘ಬಸ್ ಚಾರ್ಜಿಗೆ ನಿಮ್ಮನ್ನ ಕೇಳಬೇಕಿತ್ತಲ್ಲ’ ಅಂದೆ. ‘ಕೇಳಿದ್ರೆ ಕೊಡ್ತಿದ್ನಲ್ಲ!’ ಅಂದರು. ಕೊಡುತ್ತಿದ್ದರು, ಇಲ್ಲ ಅಂದವರೇ ಅಲ್ಲ. ಆದರೆ ಕೇಳಿದಾಗಲೆಲ್ಲ ‘ಯಾಕೆ?’ ಅನ್ನುತ್ತಿದ್ದರು. ಅದರ ಹಿಂದಿನ ವಾರವಷ್ಟೇ ಹೋಗಿಬಂದಿದ್ದೆ. ಸುಮ್ಮನೆ ಇನ್ನೊಂದು ಸಲ ಅವ್ವನ ಮುಖ ನೋಡಬೇಕು ಅನ್ನಿಸಿದ್ದು ಅವರಿಗೊಂದು ಕಾರಣವಾಗುತ್ತಿತ್ತಾ? ಅವ್ವ ಹೋದ ಸುದ್ದಿ ಬಂದ ದಿನ ಮಾತ್ರ ಯಾಕೆ ಎನ್ನದೆ ಕೈಗೆ ದುಡ್ಡಿಟ್ಟರು.